ಎಣಿಕೆ ಸರಿ, ಲೆಕ್ಕ ಸರಿಯೆ?
ನಾಣ್ಯದ ಆಟದ ಮೇಜುಗಳ ವಿದ್ಯುನ್ಮಾನ ದಾಖಲೆ: ಒಂದು ವಿಮರ್ಶೆ

ರೈಲು ನಿಲ್ದಾಣದ ಬಣ್ಣದ ದೀಪಗಳ ತೂಕದ ಯಂತ್ರವನ್ನು ಹತ್ತಿ, ಅದು ಉದುರಿಸಿದ ರಟ್ಟಿನ ಚೀಟಿಯಲ್ಲಿ ತೂಕದ ಜೊತೆಗೆ ಭವಿಷ್ಯವನ್ನೂ ಓದಿಕೊಂಡವರು ನನ್ನ ತಲೆಮಾರಿನಲ್ಲಿ ಬಹಳ ಮಂದಿ. ಅಂಗಡಿಯ ಮುಂದೆ ಇರುತ್ತಿದ್ದ ಒಂದು ರೂಪಾಯಿಯ ದೂರವಾಣಿ ಪೆಟ್ಟಿಗೆಯನ್ನು ಇಂದಿನ ವಿದ್ಯಾರ್ಥಿಗಳು ನೋಡಿರಲಾರರು. ಆದರೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡವರು ಅವರಲ್ಲಿ ಇದ್ದೇ ಇರುತ್ತಾರೆ. ಇವೆಲ್ಲ ಒಂದೇ ವಂಶದ ಯಂತ್ರಗಳು. ವಂಶದ ಮೂಲಪುರುಷ ಕ್ರಿ.ಶ. ಒಂದನೆಯ ಶತಮಾನದ ಅಲೆಕ್ಸಾಂಡ್ರಿಯಾದ ಹೀರೋ. ಐದು ದ್ರಾಕ್ಮಾದ ನಾಣ್ಯ ಸನ್ನೆಯ ಒಂದು ತುದಿಗೆ ಬಿದ್ದು, ಕವಾಟವನ್ನು ಎತ್ತಿ, ಸ್ವಲ್ಪ ಪವಿತ್ರ ಜಲವನ್ನು ಸುರಿಸುವ ಸಾಧನವನ್ನು ಅವನು ವರ್ಣಿಸಿದ್ದಾನೆ. ನಾಣ್ಯ ಜಾರಿಬಿದ್ದೊಡನೆ ಕವಾಟ ಮುಚ್ಚುತ್ತಿತ್ತು.

ಹೀರೋನ ಯಂತ್ರ ನೀರು ಕೊಡುತ್ತಿತ್ತು. ಎಷ್ಟು ಮಂದಿಗೆ ಕೊಟ್ಟಿತೆಂದು ಹೇಳುತ್ತಿರಲಿಲ್ಲ. ಇಂದಿನ ಯಂತ್ರಗಳು ಅದನ್ನೂ ಹೇಳುತ್ತವೆ. ಎಷ್ಟು ನಾಣ್ಯ ಬಿತ್ತು, ಯಾವ ದಿನ, ಯಾವ ಗಂಟೆಗೆ ಎಂಬುದನ್ನೆಲ್ಲ ದಾಖಲಿಸಿ ದೂರದ ಕಚೇರಿಗೂ ತಲುಪಿಸುತ್ತವೆ. ಇದಕ್ಕೆ ವಿದ್ಯುನ್ಮಾನ ಬಳಕೆ ದಾಖಲೆ ಎನ್ನೋಣ. 'ಇದನ್ನು ಅಳವಡಿಸಿದರೆ ಲೆಕ್ಕ ಪಾರದರ್ಶಕ, ಕಳ್ಳತನ ಬಂದ್' ಎಂಬುದು ಮಾರಾಟಗಾರರ ಮಾತು. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ಭೌತವಿಜ್ಞಾನದ ಅಧ್ಯಾಪಕನಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೇಜು, ಮಾಲೀಕ ಮತ್ತು ಹಣದ ಪೆಟ್ಟಿಗೆ

ಈ ತಂತ್ರ ಬೆಳೆದದ್ದು ಮುಖ್ಯವಾಗಿ ಅಮೆರಿಕದ ಆಟದ ಮೇಜುಗಳ ಸುತ್ತ. 1931ರಲ್ಲಿ ಚಿಕಾಗೋದ ಗಾಟ್ಲೀಬ್ ಕಂಪನಿ 'ಬ್ಯಾಫಲ್ ಬಾಲ್' ಎಂಬ ಮೇಜನ್ನು ಮಾರುಕಟ್ಟೆಗೆ ತಂದಿತು. ಒಂದು ಸೆಂಟ್ ಹಾಕಿದರೆ ಆಡಲು ಕೆಲವು ಗೋಲಿಗಳು ಸಿಗುತ್ತಿದ್ದವು. ಮುಂದೆ ಪಿನ್‌ಬಾಲ್ ಎಂದು ಹೆಸರಾದ ಆಟದ ಆರಂಭದ ರೂಪಗಳಲ್ಲಿ ಇದೊಂದು. ಇದು ಜೂಜೋ ಕೌಶಲವೋ ಎಂಬ ಜಗಳ ಎಷ್ಟು ಬೆಳೆಯಿತೆಂದರೆ, ನ್ಯೂಯಾರ್ಕ್ ನಗರದಲ್ಲಿ 1942ರಿಂದ 1976ರವರೆಗೆ ಪಿನ್‌ಬಾಲ್‌ಗೆ ನಿಷೇಧವೇ ಇತ್ತು.

ಬಾರುಗಳಲ್ಲಿ ಕಾಣುವ ಇನ್ನೊಂದು ಯಂತ್ರ ನಾಣ್ಯದ ಪೂಲ್ ಮೇಜು. ನಾಣ್ಯಗಳನ್ನು ಜಾರುಪಟ್ಟಿಯ ಕುಳಿಗಳಲ್ಲಿಟ್ಟು ಒಳಕ್ಕೆ ತಳ್ಳಿದರೆ ಮೇಜಿನ ಹೊಟ್ಟೆಯಲ್ಲಿ ಸೆರೆಯಾಗಿದ್ದ ಚೆಂಡುಗಳು ಉರುಳಿಬರುತ್ತವೆ. ಆಟದ ವೇಳೆ ಕುಳಿಗೆ ಬಿದ್ದ ಬಣ್ಣದ ಚೆಂಡು ಮತ್ತೆ ಸೆರೆ ಸೇರುತ್ತದೆ. ಹೊಡೆಯುವ ಬಿಳಿ ಚೆಂಡು ಮಾತ್ರ ಹಿಂದಿರುಗುತ್ತದೆ. ಬಿಳಿ ಚೆಂಡನ್ನು ಮೇಜು ಗುರುತಿಸುವುದು ಹೇಗೆ? ಕೆಲವು ಮೇಜುಗಳಲ್ಲಿ ಅದರ ಗಾತ್ರ ತುಸು ದೊಡ್ಡದು. ಇನ್ನು ಕೆಲವುಗಳಲ್ಲಿ ಅದರೊಳಗೆ ಕಾಂತಕ್ಕೆ ಓಗೊಡುವ ಲೋಹವಿರುತ್ತದೆ. ಸರಳ, ಸುಂದರ ಭೌತವಿಜ್ಞಾನ.

ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮೂವರು ಪಾಲುದಾರರು. ಮೇಜು ಒಬ್ಬನದು, ಅದನ್ನಿಟ್ಟ ಜಾಗ ಇನ್ನೊಬ್ಬನದು, ಪೆಟ್ಟಿಗೆ ತೆರೆದು ಹಣ ಎಣಿಸುವವನು ಮೇಜಿನ ಮಾಲೀಕನ ಸಂಬಳದಾಳು. ಬಂದ ಹಣವನ್ನು ಮೊದಲಿಬ್ಬರು ಹಂಚಿಕೊಳ್ಳುತ್ತಾರೆ. ಪೆಟ್ಟಿಗೆಗೆ ನಿಜವಾಗಿ ಎಷ್ಟು ಬಿತ್ತೆಂದು ಸ್ವತಂತ್ರವಾಗಿ ತಿಳಿಯುವ ದಾರಿ ಇಬ್ಬರಿಗೂ ಇಲ್ಲ. ಎಣಿಸುವ ಉಪಕರಣ ಹುಟ್ಟಿದ್ದು ಈ ಅಪನಂಬಿಕೆಯಿಂದ.

ಹಲ್ಲುಚಕ್ರದಿಂದ ಸ್ಮರಣಕೋಶಕ್ಕೆ

ಮೊದಲು ಬಂದದ್ದು ಹಲ್ಲುಚಕ್ರದ ಎಣಿಕ. ಹಳೆಯ ವಿದ್ಯುತ್ ಮೀಟರಿನ ಅಂಕೆಗಳಂತೆ ಒಂದೊಂದು ನಾಣ್ಯಕ್ಕೆ ಒಂದೊಂದು ಹೆಜ್ಜೆ ಉರುಳುವ ಸಾಧನ ಅದು. ಹಿಂದಕ್ಕೆ ತಿರುಗಿಸುವುದು ಕಷ್ಟ. ವಿದ್ಯುತ್ ಹೋದರೂ ಅಂಕೆ ಅಳಿಯುವುದಿಲ್ಲ.

1970ರ ದಶಕದ ಕೊನೆಯ ವರ್ಷಗಳಲ್ಲಿ ಪಿನ್‌ಬಾಲ್ ಮೇಜಿಗೆ ಮೈಕ್ರೊಪ್ರೊಸೆಸರ್ ಬಂತು. ಬ್ಯಾಲಿ ಕಂಪನಿಯ ಮೇಜುಗಳಲ್ಲಿ ಮೋಟರೋಲಾ 6800 ಕೆಲಸ ಮಾಡುತ್ತಿತ್ತು. ಅಂಕ ತೋರಿಸುವ ಫಲಕವೇ ಲೆಕ್ಕದ ಪುಸ್ತಕವೂ ಆಯಿತು. ನಾಣ್ಯದ ಬಾಗಿಲು ತೆರೆದು ಒಳಗಿನ ಗುಂಡಿ ಒತ್ತಿದರೆ ಪ್ರತಿ ನಾಣ್ಯದಾರಿಯ ಎಣಿಕೆ, ಒಟ್ಟು ಆಟಗಳು, ಪುಕ್ಕಟೆಯಾಗಿ ಗೆದ್ದ ಮರು ಆಟಗಳು ಒಂದರ ಹಿಂದೊಂದು ಕಾಣುತ್ತಿದ್ದವು. ವಿದ್ಯುತ್ ಇಲ್ಲದಾಗ ಈ ಸಂಖ್ಯೆಗಳನ್ನು ಕಾಯ್ದುಕೊಳ್ಳಲು ಒಂದು ಚಿಕ್ಕ ಬ್ಯಾಟರಿ. ಬ್ಯಾಟರಿ ಹಳತಾಗಿ ಸೋರಿದರೆ ಲೆಕ್ಕ ಹೋಗುವುದಷ್ಟೇ ಅಲ್ಲ, ಫಲಕದ ತಾಮ್ರದ ಹಾದಿಗಳೂ ಕೊರೆದುಹೋಗುತ್ತಿದ್ದವು. ಹಳೆಯ ಮೇಜುಗಳನ್ನು ದುರಸ್ತಿ ಮಾಡುವವರು ಇಂದಿಗೂ ಮೊದಲು ನೋಡುವುದು ಈ ಬ್ಯಾಟರಿಯ ಸುತ್ತಲಿನ ಹಸಿರು ಕಿಲುಬನ್ನು.

ಮೆಚ್ಚಬೇಕಾದದ್ದನ್ನು ಮೊದಲು ಹೇಳುವುದು ವಿಮರ್ಶೆಯ ಧರ್ಮ. ಬಳಕೆಯ ದಾಖಲೆಯಿಂದ ನಿಜವಾದ ಉಪಕಾರಗಳಾಗಿವೆ. 1990ರ ದಶಕದ ವಿಲಿಯಮ್ಸ್ ಕಂಪನಿಯ ಮೇಜುಗಳಲ್ಲಿ, ಯಾವುದಾದರೂ ಒಂದು ಸ್ವಿಚ್ ಬಹಳ ಹೊತ್ತು ಒಮ್ಮೆಯೂ ಒತ್ತಲ್ಪಡದಿದ್ದರೆ ಅದು ಕೆಟ್ಟಿರಬಹುದೆಂದು ಯಂತ್ರವೇ ವರದಿ ಮಾಡುತ್ತಿತ್ತು. ತನ್ನ ಬಳಕೆಯ ಅಂಕಿಅಂಶದಿಂದ ತನ್ನ ರೋಗವನ್ನೇ ಪತ್ತೆ ಹಚ್ಚುವ ಈ ಉಪಾಯ ಶ್ಲಾಘನೀಯ. ತಿನಿಸು, ಪಾನೀಯ ಮಾರುವ ಯಂತ್ರಗಳಿಗೆ ಲೆಕ್ಕದ ಸಂಖ್ಯೆಗಳನ್ನು ಒಂದೇ ವಿನ್ಯಾಸದಲ್ಲಿ ಹೊರಗೊಪ್ಪಿಸುವ ಮಾನಕಗಳು ಬಂದವು. ಯಾವ ಯಂತ್ರದಲ್ಲಿ ಸರಕು ಮುಗಿದಿದೆ ಎಂಬುದು ಅಲ್ಲಿಗೆ ಹೋಗುವ ಮೊದಲೇ ತಿಳಿಯುವಂತಾಗಿ ವೃಥಾ ಅಲೆದಾಟ ತಪ್ಪಿತು. ಇದರಲ್ಲಿ ತಕರಾರಿಲ್ಲ. ತಕರಾರು ಇರುವುದು, ಈ ಸಂಖ್ಯೆಯನ್ನು ಒಬ್ಬ ಮನುಷ್ಯನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವಾಗ.

ಸಂವೇದಕಕ್ಕೆ ಕಾಣುವುದು ಏನು?

ಯಂತ್ರ ನಾಣ್ಯವನ್ನು ಎಣಿಸುವುದಿಲ್ಲ, ಸ್ಪಂದಗಳನ್ನು ಎಣಿಸುತ್ತದೆ. ಒಂದು ನಾಣ್ಯಕ್ಕೆ ಒಂದೇ ಸ್ಪಂದ ಬರುವಂತೆ ನೋಡಿಕೊಳ್ಳುವುದು ವಿನ್ಯಾಸಕಾರನ ಹೊಣೆ. ಲೋಹದ ಎರಡು ತುದಿಗಳು ಕೂಡುವಾಗ ಚೆಂಡು ನೆಲಕ್ಕೆ ಬಿದ್ದು ಪುಟಿಯುವಂತೆ ಕೆಲವು ಮಿಲಿಸೆಕೆಂಡು ಕಾಲ ಪುಟಿಯುತ್ತವೆ. ಮೈಕ್ರೊಪ್ರೊಸೆಸರ್‌ಗೆ ಆ ಪುಟಿತವೂ ಕಾಣುತ್ತದೆ. ಒಂದು ನಾಣ್ಯ ಮೂರಾಗಬಹುದು. ಇದನ್ನು ತಪ್ಪಿಸಲು ಒಂದು ಸ್ಪಂದ ಬಂದ ಮೇಲೆ ಇಷ್ಟು ಹೊತ್ತು ಕಣ್ಣುಮುಚ್ಚು ಎಂದು ಯಂತ್ರಕ್ಕೆ ಆದೇಶ ಕೊಟ್ಟಿರುತ್ತಾರೆ. ಪ್ರಯೋಗಾಲಯದಲ್ಲಿ ಗೈಗರ್-ಮುಲ್ಲರ್ ಎಣಿಕ ಬಳಸಿದವರಿಗೆ ಇದು ಪರಿಚಿತ. ಅದರ ನಿಷ್ಕ್ರಿಯ ಕಾಲ ಸುಮಾರು 100 ಮೈಕ್ರೊಸೆಕೆಂಡು. ಆ ಅವಧಿಯಲ್ಲಿ ಬಂದ ಎರಡನೆಯ ಕಣ ಲೆಕ್ಕಕ್ಕೇ ಇಲ್ಲ.

ನಾಣ್ಯದ ಎಣಿಕಕ್ಕೂ ಇದೇ ಗತಿ. 10 ಸೆಂ.ಮೀ. ಎತ್ತರದಿಂದ ಬೀಳುವ ನಾಣ್ಯದ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್. 25 ಮಿ.ಮೀ. ವ್ಯಾಸದ ನಾಣ್ಯ ಬೆಳಕಿನ ಕಿರಣವನ್ನು ದಾಟಲು ಸುಮಾರು 18 ಮಿಲಿಸೆಕೆಂಡು ಬೇಕು. ಯಂತ್ರ 100 ಮಿಲಿಸೆಕೆಂಡು ಕಣ್ಣುಮುಚ್ಚಿದರೆ, ಬೆನ್ನುಬೆನ್ನಿಗೆ ಬಿದ್ದ ಎರಡು ನಾಣ್ಯಗಳು ಒಂದಾಗುತ್ತವೆ. ಕಣ್ಣುಮುಚ್ಚುವ ಕಾಲವನ್ನು ತೀರ ಕಡಿಮೆ ಮಾಡಿದರೆ ಪುಟಿತ ನುಸುಳುತ್ತದೆ. ಈ ಎರಡರ ನಡುವೆ ಎಲ್ಲಿ ಗೆರೆ ಎಳೆದಿದ್ದಾರೆಂಬುದು ಬಳಸುವವರಿಗೆ ತಿಳಿದಿರಬೇಕು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಇನ್ನು ನಾಣ್ಯದ ಗುರುತು. ವಿದ್ಯುನ್ಮಾನ ಯಂತ್ರ ನಾಣ್ಯದ ಮೇಲಿನ ಅಂಕೆಯನ್ನು ಓದುವುದಿಲ್ಲ. ಪರ್ಯಾಯ ವಿದ್ಯುತ್ ಹರಿಯುವ ಸುರುಳಿಯ ಪಕ್ಕದಲ್ಲಿ ನಾಣ್ಯ ಹಾದುಹೋದಾಗ ಅದರಲ್ಲಿ ಸುಳಿ ಪ್ರವಾಹಗಳು ಏಳುತ್ತವೆ. ಸುರುಳಿಯ ಪ್ರೇರಕತೆ ಬದಲಾಗುತ್ತದೆ. ಎಷ್ಟು ಬದಲಾಯಿತೆಂಬುದರಿಂದ ಲೋಹ, ವ್ಯಾಸ, ದಪ್ಪಗಳನ್ನು ಊಹಿಸುತ್ತಾರೆ. ಆವೃತ್ತಿ ಹೆಚ್ಚಿದಂತೆ ಸುಳಿ ಪ್ರವಾಹ ಮೇಲ್ಪದರಕ್ಕೆ ಸೀಮಿತವಾಗುತ್ತದೆ. ತಾಮ್ರದಲ್ಲಿ ಅದರ ಆಳ 10 ಕಿಲೊಹರ್ಟ್ಸ್‌ನಲ್ಲಿ ಸುಮಾರು 0.66 ಮಿ.ಮೀ., 1 ಮೆಗಾಹರ್ಟ್ಸ್‌ನಲ್ಲಿ ಅದರ ಹತ್ತನೆಯ ಒಂದು ಭಾಗ. ಹಾಗಾಗಿ ಒಳ್ಳೆಯ ಯಂತ್ರಗಳು ಒಂದಕ್ಕಿಂತ ಹೆಚ್ಚು ಆವೃತ್ತಿಗಳಲ್ಲಿ ನೋಡುತ್ತವೆ. ಆದರೆ ಲೋಹವೂ ಅಳತೆಯೂ ಒಂದೇ ಆಗಿರುವ ಎರಡು ನಾಣ್ಯಗಳ ಮೌಲ್ಯ ಬೇರೆಯಾದರೆ? ಅದು ಯಂತ್ರಕ್ಕೆ ತಿಳಿಯುವ ಬಗೆಯಿಲ್ಲ.

ಊರಿನ ನೀರಿನ ಘಟಕದ ಪಾಠ

ಇದು ಬರಿಯ ಕಲ್ಪನೆಯಲ್ಲ. ನಮ್ಮಲ್ಲಿ 1992ರಿಂದ ಬಂದ ಒಂದು ರೂಪಾಯಿಯ ಸ್ಟೇನ್‌ಲೆಸ್ ಉಕ್ಕಿನ ನಾಣ್ಯದ ವ್ಯಾಸ 25 ಮಿ.ಮೀ., ತೂಕ 4.85 ಗ್ರಾಂ. 2011ರಲ್ಲಿ ರೂಪಾಯಿಯ ಹೊಸ ಚಿಹ್ನೆಯೊಡನೆ ಬಂದ ಎರಡು ರೂಪಾಯಿಯ ನಾಣ್ಯದ್ದೂ ಅದೇ ಲೋಹ, ಅದೇ 25 ಮಿ.ಮೀ., ಅದೇ 4.85 ಗ್ರಾಂ. ಅದಕ್ಕೂ ಹಿಂದೆ, 2007ರಲ್ಲಿ ಬಂದ ಎರಡು ರೂಪಾಯಿಯದು 27 ಮಿ.ಮೀ.; 2019ರ ಸರಣಿಯದು 23 ಮಿ.ಮೀ. ಮನುಷ್ಯರಿಗೆ ಇವೆಲ್ಲವೂ ಎರಡು ರೂಪಾಯಿ. ಸುರುಳಿಗೆ ಮಾತ್ರ ಇವು ಮೂರು ಬೇರೆ ವಸ್ತುಗಳು. ಅವುಗಳಲ್ಲೊಂದು ಹಳೆಯ ಒಂದು ರೂಪಾಯಿಯಿಂದ ಬೇರೆಯಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿಗೆ ಹೋಗಿದ್ದಾಗ ಅಲ್ಲಿಯ ನೀರಿನ ಘಟಕದ ಹುಡುಗ ಮನೆಗೆ ಬಂದ. ಎರಡು ರೂಪಾಯಿ ಹಾಕಿದರೆ 20 ಲೀಟರ್ ನೀರು. ಯಂತ್ರದ ಎಣಿಕ ಆ ತಿಂಗಳು 1,140 ಎಂದು ತೋರಿಸಿತ್ತು; ಅಂದರೆ 2,280 ರೂಪಾಯಿ ಇರಬೇಕು. ಪೆಟ್ಟಿಗೆಯಲ್ಲಿದ್ದದ್ದು 2,043. ಗುತ್ತಿಗೆದಾರ 237 ರೂಪಾಯಿಯನ್ನು ಇವನ ಸಂಬಳದಲ್ಲಿ ಹಿಡಿದಿದ್ದ. ಹಿಂದಿನ ತಿಂಗಳೂ ಹೀಗೇ ಆಗಿತ್ತಂತೆ. 'ಮಿಷನ್ ಸುಳ್ಳು ಹೇಳಲ್ಲ ಕಣೋ ಅಂತಾರೆ ಸಾರ್. ಹಂಗಾದ್ರೆ ನಾನೇ ಸುಳ್ಳು ಹೇಳಿದಂಗಾಯ್ತಲ್ಲ' ಎಂದ.

ನಾಣ್ಯದ ಚೀಲ ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ. ಇಬ್ಬರೂ ಜಗಲಿಯಲ್ಲಿ ಕುಳಿತು ಸುರಿದು ಎಣಿಸಿದೆವು, ರೂಪಾಯಿಗಳನ್ನಲ್ಲ, ನಾಣ್ಯಗಳನ್ನು. ಎರಡು ರೂಪಾಯಿಯವು 903, ಹಳೆಯ ಒಂದು ರೂಪಾಯಿಯವು 237. ಒಟ್ಟು 1,140. ಯಂತ್ರದ ಎಣಿಕೆಯಲ್ಲಿ ಒಂದೇ ಒಂದು ನಾಣ್ಯದ ತಪ್ಪೂ ಇರಲಿಲ್ಲ! ತಪ್ಪಿದ್ದದ್ದು ಆ ಎಣಿಕೆಯನ್ನು ಕಣ್ಣುಮುಚ್ಚಿ ಎರಡರಿಂದ ಗುಣಿಸಿದ ಕಡೆ. ಹಳೆಯ ಒಂದು ರೂಪಾಯಿ ಹಾಕಿದರೂ ನೀರು ಬರುತ್ತದೆಂದು ಊರಿನ ಕೆಲವರು ಯಾವಾಗಲೋ ಕಂಡುಕೊಂಡಿದ್ದರು. ಅದೇ ಯಂತ್ರ 2007ರ ಅಪ್ಪಟ ಎರಡು ರೂಪಾಯಿಯನ್ನು ಹೊರಕ್ಕೆ ತಳ್ಳುತ್ತಿತ್ತು. ಹಿಡಿದ ಹಣ ಹುಡುಗನಿಗೆ ಮರಳಿ ಸಿಕ್ಕಿತು. ಎರಡು ತಿಂಗಳು ಊರೊಳಗೆ ಓಡಾಡಿದ ಮಾತನ್ನು ಹಾಗೆ ಮರಳಿ ಪಡೆಯಲು ಆಗುವುದಿಲ್ಲ.

ಪೂಲ್ ಮೇಜಿನಲ್ಲೂ ಎಣಿಕೆಗೂ ಅರ್ಥಕ್ಕೂ ಇಂಥದೇ ಅಂತರವಿದೆ. ಜಾರುಪಟ್ಟಿ ಎಷ್ಟು ಸಲ ಒಳಹೋಯಿತೆಂಬುದು 'ಎಷ್ಟು ಆಟ' ಎಂಬುದಲ್ಲ. ಕುಳಿಗಳಿಗೆ ಬಟ್ಟೆ ತುರುಕಿ, ಚೆಂಡು ಸೆರೆಗೆ ಹೋಗದಂತೆ ಮಾಡಿ, ಒಂದೇ ಪಾವತಿಯಲ್ಲಿ ಹಲವು ಆಟ ಆಡುವ ಜಾಣರಿದ್ದಾರೆ. ಪರೀಕ್ಷೆಗೆಂದು ದುರಸ್ತಿಗಾರ ಹಾಕಿ ತೆಗೆದ ನಾಣ್ಯವೂ ಎಣಿಕೆಗೆ ಸೇರಿಬಿಡುತ್ತದೆ. ಯಂತ್ರ ಕೊಡುವುದು ಒಂದು ಘಟನೆಯ ಸಂಖ್ಯೆ. ಅದಕ್ಕೆ ಆಟ, ಹಣ, ಪ್ರಾಮಾಣಿಕತೆ ಎಂಬ ಹೆಸರು ಕೊಡುವವರು ನಾವು.

ಏರಿಳಿತವೆಲ್ಲ ಕಳ್ಳತನವಲ್ಲ

ಎರಡನೆಯ ಆಕ್ಷೇಪ ಸಂಖ್ಯಾಶಾಸ್ತ್ರದ್ದು. ಎಣಿಕಕ್ಕೂ ಪೆಟ್ಟಿಗೆಗೂ ಹೋಲಿಸುವುದು ಒಂದು, ಈ ವಾರವನ್ನು ಕಳೆದ ವಾರಕ್ಕೆ ಹೋಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ನಾಣ್ಯಗಳ ವ್ಯತ್ಯಾಸ ಸೊನ್ನೆಯಾಗಿರಬೇಕು. ಇಲ್ಲದಿದ್ದರೆ ಕಾರಣ ಹುಡುಕಬೇಕು. ಎರಡನೆಯದರಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಮೇಲಧಿಕಾರಿಯ ಮೇಜಿನ ಮೇಲಿನ ಪರದೆಯಲ್ಲಿ ಕೆಂಪು ಬಾಣವಾಗಿ ಮೂಡುವುದು ಹೆಚ್ಚಾಗಿ ಈ ಎರಡನೆಯದೇ.

ಒಂದು ಮೇಜಿನಲ್ಲಿ ವಾರಕ್ಕೆ ಸರಾಸರಿ 100 ಆಟ ಎನ್ನೋಣ. ಆಟಗಾರರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುತ್ತಾರೆಂದು ಭಾವಿಸಿದರೆ, ವಿಕಿರಣದ ಕಣಗಳಿಗೆ ಅನ್ವಯಿಸುವ ನಿಯಮವೇ ಇಲ್ಲಿಗೂ ಅನ್ವಯ. ಮಾನಕ ವಿಚಲನೆ 100ರ ವರ್ಗಮೂಲ, ಅಂದರೆ 10. ಒಂದು ವಾರ 88 ಬಂದರೆ ಆಶ್ಚರ್ಯಪಡಬೇಕಾದ್ದಿಲ್ಲ. 80ಕ್ಕಿಂತ ಕಡಿಮೆ ಅಥವಾ 120ಕ್ಕಿಂತ ಹೆಚ್ಚು ಬರುವುದು ಸುಮಾರು 20 ವಾರಕ್ಕೊಮ್ಮೆ. ಮಾಲೀಕನ ಬಳಿ ಇಂಥ 40 ಮೇಜುಗಳಿದ್ದರೆ, ಯಾರೂ ಏನೂ ಕದಿಯದಿದ್ದರೂ ಪ್ರತಿ ವಾರ ಎರಡು ಮೇಜುಗಳು ಈ ಗೆರೆಯ ಹೊರಗೆ ಬೀಳುತ್ತವೆ. ವಾಸ್ತವದಲ್ಲಿ ಆಟಗಾರರು ಗುಂಪಾಗಿ ಬರುತ್ತಾರೆ; ಮಳೆ, ಹಬ್ಬ, ತಿಂಗಳ ಕೊನೆ ಎಂಬುವೂ ಇವೆ. ಏರಿಳಿತ ಇನ್ನೂ ಹೆಚ್ಚು. ಇದನ್ನು ಅರಿಯದೆ ಕೆಂಪು ಬಾಣ ಕಂಡೊಡನೆ ಹಣ ಎಣಿಸುವವನನ್ನು ಕರೆದು ವಿಚಾರಿಸುವುದು ಅನ್ಯಾಯ. ಅಧಿಕಾರವಿಲ್ಲದವನ ಮೇಲೆ ಸಂಖ್ಯೆಯ ಭಾರ ಮೊದಲು ಬೀಳುತ್ತದೆ.

ಪರೀಕ್ಷಕನನ್ನು ಪರೀಕ್ಷಿಸುವವರು ಯಾರು?

ಜೂಜಿನ ಯಂತ್ರಗಳಲ್ಲಿ ಲೆಕ್ಕದ ಬಿಗಿ ಹೆಚ್ಚು. ಒಳಗೆ ಹೋದದ್ದು, ಹೊರಗೆ ಬಂದದ್ದು, ಪೆಟ್ಟಿಗೆಗೆ ಬಿದ್ದದ್ದು ಇವಕ್ಕೆ ಪ್ರತ್ಯೇಕ ಮೀಟರುಗಳಿರುತ್ತವೆ. ಮೀಟರಿನ ಅಂಕೆಯನ್ನು ಕೈಯಿಂದ ಎಣಿಸಿದ ಹಣದೊಡನೆ ತಾಳೆ ನೋಡುತ್ತಾರೆ. ಆದರೂ 1990ರ ದಶಕದ ಆರಂಭದಲ್ಲಿ ಅಮೆರಿಕದ ನೆವಾಡಾ ರಾಜ್ಯದ ಜೂಜು ನಿಯಂತ್ರಣ ಮಂಡಳಿಯ ತಂತ್ರಜ್ಞನೊಬ್ಬ, ಯಂತ್ರಗಳನ್ನು ಪರೀಕ್ಷಿಸುವ ಉಪಕರಣದಲ್ಲಿಯೇ ಗುಪ್ತ ಆದೇಶಗಳನ್ನು ಸೇರಿಸಿದ. ಪರೀಕ್ಷೆಗೊಳಗಾದ ಯಂತ್ರವೇ ಕೆಡುತ್ತಿತ್ತು. ನಿರ್ದಿಷ್ಟ ಕ್ರಮದಲ್ಲಿ ನಾಣ್ಯ ಹಾಕಿದವನಿಗೆ ಹಣ ಸುರಿಯುತ್ತಿತ್ತು. 1995ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಕೀನೋ ಎಂಬ ಆಟದಲ್ಲಿ ಒಂದು ಲಕ್ಷ ಡಾಲರ್ ಗೆಲ್ಲಿಸಲು ಹೋಗಿ ಅವನು ಸಿಕ್ಕಿಬಿದ್ದ.

ಕಾವಲುಗಾರ ಕಳ್ಳನಾದ ಕಥೆ ಇದು. ಕಾವಲುಗಾರ ಕುರುಡನಾದ ಕಥೆ ಇದಕ್ಕಿಂತ ದಾರುಣ. ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ ಹೊರೈಜನ್ ಎಂಬ ಗಣಕ ಲೆಕ್ಕ ವ್ಯವಸ್ಥೆ ಬಂತು. ಅದು ತೋರಿಸಿದ ಮೊತ್ತಕ್ಕೂ ಪೆಟ್ಟಿಗೆಯ ಹಣಕ್ಕೂ ತಾಳೆಯಾಗದಿದ್ದಾಗ ಚಿಕ್ಕ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಮೊಕದ್ದಮೆ ಹೂಡಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು 2019ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. 2024ರಲ್ಲಿ ಸಂಸತ್ತು ವಿಶೇಷ ಕಾಯ್ದೆಯನ್ನೇ ತಂದು ಶಿಕ್ಷೆಗಳನ್ನು ರದ್ದುಪಡಿಸಿತು. ಗಣಕ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕೆಂಬ ಹಳೆಯ ಸಾಕ್ಷ್ಯ ನಿಯಮವನ್ನು ಅಲ್ಲಿ 1999ರ ಕಾಯ್ದೆ ತೆಗೆದುಹಾಕಿತ್ತೆಂಬುದು ಗಮನಾರ್ಹ. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ಒಳ್ಳೆಯದೇ. ಆದರೆ ನೀರಿನ ಘಟಕದ ಎಣಿಕಕ್ಕೂ ಅಂಥ ಪ್ರಮಾಣಪತ್ರವನ್ನು ಪ್ರಾಮಾಣಿಕವಾಗಿಯೇ ಕೊಡಬಹುದಿತ್ತು. ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿತ್ತಲ್ಲ!

ಈಗ ಬೆಂಗಳೂರಿನ ಮಾಲುಗಳ ಆಟದ ಅಂಗಳಗಳಲ್ಲಿ ನಾಣ್ಯದ ಬದಲು ಕಾರ್ಡು ಬಂದಿದೆ. ಎಣಿಕೆ ಇನ್ನೂ ಸುಲಭವಾಯಿತು ಎನ್ನುತ್ತಾರೆ. ನನಗೆ ಇದು ಅಷ್ಟು ಸರಳವಾಗಿ ಕಾಣುವುದಿಲ್ಲ. ನಾಣ್ಯದ ಪೆಟ್ಟಿಗೆ ಎಂಬುದು ಎಣಿಕದಿಂದ ಬೇರೆಯಾಗಿ ನಿಂತ ಇನ್ನೊಬ್ಬ ಸಾಕ್ಷಿ. ಆ ಹುಡುಗ ನಿರ್ದೋಷಿ ಎಂದು ತೋರಿಸಿಕೊಟ್ಟದ್ದು ಚೀಲದಲ್ಲಿದ್ದ ಲೋಹದ ಬಿಲ್ಲೆಗಳು. ಕಾರ್ಡಿನಲ್ಲಿ ಹಣವೂ ದಾಖಲೆಯೂ ಒಂದೇ ಸ್ಮರಣಕೋಶದ ಎರಡು ಸಾಲುಗಳಾದರೆ, ಅವೆರಡೂ ತಾಳೆಯಾಗುವುದು ಸಹಜ. ತಾಳೆಯಾದದ್ದರಿಂದ ಏನೂ ಸಿದ್ಧವಾಗುವುದಿಲ್ಲ.

ಏನು ಬೇಕು?

ಎಣಿಸುವ ಯಂತ್ರ ಬೇಡ ಎಂಬುದು ನನ್ನ ವಾದವಲ್ಲ. ಅಳತೆಯ ಉಪಕರಣಕ್ಕೆ ನಾವು ಪ್ರಯೋಗಾಲಯದಲ್ಲಿ ಯಾವ ಶಿಸ್ತನ್ನು ಒಪ್ಪಿಸುತ್ತೇವೋ ಅದನ್ನೇ ಇದಕ್ಕೂ ಒಪ್ಪಿಸಬೇಕು. ಏನನ್ನು ಎಣಿಸುತ್ತದೆ, ಯಾವ ನಾಣ್ಯಗಳನ್ನು ಬೇರ್ಪಡಿಸಲಾರದು, ಎಷ್ಟು ಹೊತ್ತು ಕಣ್ಣುಮುಚ್ಚುತ್ತದೆ ಎಂಬುದು ಯಂತ್ರದ ಮೇಲೇ ಬರೆದಿರಬೇಕು. ಒಂದನ್ನೊಂದು ಅವಲಂಬಿಸದ ಎರಡು ಎಣಿಕೆಗಳಿರಬೇಕು: ಪೂಲ್ ಮೇಜಿಗೆ ನಾಣ್ಯ ಮತ್ತು ಚೆಂಡಿನ ಬಿಡುಗಡೆ, ನೀರಿನ ಘಟಕಕ್ಕೆ ನಾಣ್ಯ ಮತ್ತು ಹರಿದ ನೀರು. ಹಳೆಯ ಹಲ್ಲುಚಕ್ರದ ಎಣಿಕವನ್ನು ಜೊತೆಗೆ ಉಳಿಸಿಕೊಂಡರೆ ನಷ್ಟವಿಲ್ಲ. ಆರೋಪಕ್ಕೆ ಗುರಿಯಾದವನಿಗೆ ದಾಖಲೆಯನ್ನು ನೋಡುವ, ಯಂತ್ರವನ್ನು ಎದುರಿಗೇ ಪರೀಕ್ಷಿಸಿರೆಂದು ಕೇಳುವ ಹಕ್ಕಿರಬೇಕು.

ಅಧ್ಯಾಪಕರಿಗೆ ಒಂದು ಸೂಚನೆ. ಒಂದು ಬೆಳಕಿನ ಸಂವೇದಕ, ಅಗ್ಗದ ಮೈಕ್ರೊಕಂಟ್ರೋಲರ್, ಒಂದು ರಟ್ಟಿನ ಜಾರುಬಂಡಿ ಇದ್ದರೆ ನಾಣ್ಯದ ಎಣಿಕವನ್ನು ತರಗತಿಯಲ್ಲೇ ಕಟ್ಟಬಹುದು. ಐವತ್ತು ನಾಣ್ಯಗಳನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಅವಸರದಲ್ಲಿ ಜಾರಿಸಿ. ಕಣ್ಣುಮುಚ್ಚುವ ಕಾಲವನ್ನು 1, 10, 100, 300 ಮಿಲಿಸೆಕೆಂಡು ಎಂದು ಬದಲಿಸಿ. ಐವತ್ತು ಎಂಬುದು ಯಾವಾಗ ಐವತ್ತಾಗಿ ಉಳಿಯುತ್ತದೆ, ಯಾವಾಗ ಉಳಿಯುವುದಿಲ್ಲ ಎಂದು ಮಕ್ಕಳು ಪಟ್ಟಿ ಮಾಡಲಿ. ನಂತರ ಹಳೆಯ ಒಂದು ರೂಪಾಯಿಯನ್ನೂ 2011ರ ಎರಡು ರೂಪಾಯಿಯನ್ನೂ ಅವರ ಅಂಗೈಯಲ್ಲಿಟ್ಟು, ಕಣ್ಣುಮುಚ್ಚಿ ಯಾವುದು ಯಾವುದೆಂದು ಕೇಳಿ. ನಾಳೆ ಇದೇ ಮಕ್ಕಳು ಎಂಜಿನಿಯರುಗಳೋ ಲೆಕ್ಕಿಗರೋ ನ್ಯಾಯಾಧೀಶರೋ ಆಗುತ್ತಾರೆ. ಅವರ ಮುಂದೊಂದು ಸಂಖ್ಯೆಯನ್ನೂ ಒಬ್ಬ ಮನುಷ್ಯನನ್ನೂ ತಂದು ನಿಲ್ಲಿಸಿದಾಗ, ತೀರ್ಮಾನ ಹೇಳುವ ಮೊದಲು 'ಇದು ಎಣಿಸಿದ್ದು ಏನನ್ನು?' ಎಂದು ಅವರು ಕೇಳಬೇಕು.